ಎರಡನೇ ಪುಟಕ್ಕೆ ಯಾರೂ ಹೋಗುವುದಿಲ್ಲ

ಜೂನ್ ೩

ತಮ್ಮಾ,

ಫೋನ್ ಮಾಡು ಅಂತ ಮೂರು ಸಲ ಮೆಸೇಜ್ ಕಳಿಸಿದ್ದೀಯ. ಮಾಡುವುದಿಲ್ಲ. ಆ ದಿನದ ಫೋನನ್ನು ಹೊಲಿಗೆ ಅಂಗಡಿಯಲ್ಲಿ ನಾನೇ ಎತ್ತಿದ್ದು. ಅಂದಿನಿಂದ ಅದನ್ನು ಕಿವಿಗೆ ಹಿಡಿಯುವುದನ್ನೇ ಬಿಟ್ಟಿದ್ದೇನೆ. ಕಾಗದದಲ್ಲಾದರೆ ಒಂದು ಅನುಕೂಲವಿದೆ, ಅತ್ತರೆ ನಿನಗೆ ಕೇಳಿಸುವುದಿಲ್ಲ, ಬೈದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ದೊಡ್ಡ ಮನುಷ್ಯರು ಅಕ್ಕನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರವನ್ನು ಓದುವ ಕಷ್ಟ ತೆಗೆದುಕೊಳ್ಳಬೇಕು.

ವಿಷಯಕ್ಕೆ ಬರುತ್ತೇನೆ. ಮಗಳ, ನಮ್ಮ ಗಿರಗಿಟ್ಲೆಯ, ಪುಟ ಇಂಟರ್ನೆಟ್ಟಿನಲ್ಲಿ ಕೆಳಗಿಳಿದಿದೆ.

ಎರಡು ವರ್ಷವಾಗುತ್ತಾ ಬಂತು, ಮಗಳು ಹೋದ ಮೂರನೇ ತಿಂಗಳು, ನೀನೇ ನನ್ನ ಪಕ್ಕದಲ್ಲಿ ಕೂತು ಆ ಪುಟ ಮಾಡಿಕೊಟ್ಟೆ. ಇಂಟರ್ನೆಟ್ಟಿನಲ್ಲಿ ಜನ ಹುಡುಕಿದಾಗ ಯಾರ ವೆಬ್‌ಸೈಟ್ ಮೊದಲು ಕಾಣಬೇಕು ಅನ್ನುವುದನ್ನು ನೋಡಿಕೊಳ್ಳುವುದು ನಿನ್ನ ಕಸುಬು ಎಂದು ನನಗೆ ಅರ್ಥವಾಗಿದ್ದೂ ಆಗಲೇ. ಅಲ್ಲಿಯವರೆಗೆ ನೀನು ಕಂಪ್ಯೂಟರ್ ರಿಪೇರಿ ಮಾಡುತ್ತೀಯ ಅಂತ ನನ್ನ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬಂದಿದ್ದೆ. "ಆ ಈಜುಕೊಳದ ಹೆಸರು ಹೊಡೆದ್ರೆ ಅವರದ್ದಕ್ಕಿಂತ ಮೇಲೆ ನಮ್ಮದು ಬರ್ಬೇಕು ಅಕ್ಕಾ, ನಾನು ತರ್ತೀನಿ" ಅಂದೆ. ತಂದೂ ಕೊಟ್ಟೆ. ಮಗುವನ್ನು ಅಲ್ಲಿಗೆ ಸೇರಿಸಲು ಯಾವ ತಾಯಿ ಹುಡುಕಿದರೂ ಮೊದಲು ಕಾಣುತ್ತಿದ್ದುದು ನನ್ನ ಒಂಬತ್ತು ವರ್ಷದವಳ ಮುಖ. ಅದರ ಕೆಳಗೆ ನಿನ್ನ ಭಾವ ಬರೆದ ನಾಲ್ಕು ಸಾಲು: ಮಕ್ಕಳ ಕೊಳದ ಗೋಡೆಯಲ್ಲಿ ನೀರೆಳೆಯುವ ಜಾಲರಿ ಇದೆ. ಅದಕ್ಕೆ ನಾಲ್ಕು ಸ್ಕ್ರೂ ಇರಬೇಕು. ಅಂದು ಇದ್ದದ್ದು ಎರಡು, ಜಾಲರಿ ಸರಿದು ನಮ್ಮ ಮಗಳ ಕೂದಲು ಒಳಗೆ ಸಿಕ್ಕಿಕೊಂಡಿತು. ನಿಮ್ಮ ಮಗುವನ್ನು ಇಳಿಸುವ ಮುಂಚೆ ದಯವಿಟ್ಟು ಸ್ಕ್ರೂ ಎಣಿಸಿ.

ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತಿದ್ದೇನೆ. ಬರೆದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಮೊನ್ನೆ ಪ್ಯಾಂಟ್ ಗಿಡ್ಡ ಮಾಡಿಸಲು ಬಂದವರೊಬ್ಬರು ಮಗನನ್ನು ಈಜಿಗೆ ಹಾಕುತ್ತೇವೆ ಅಂದರು. ಅವರ ಫೋನಿನಲ್ಲೇ ಹುಡುಕಿಸಿದೆ. ಮೊದಲು ಬಂದದ್ದು ಆ ಕೊಳದ ಹೊಸ ಸೈಟು, ನಗುವ ಮಕ್ಕಳು, ನೀಲಿ ನೀರು. ನಮ್ಮದು ನಾಲ್ಕನೆಯದು. ಅವರು ಅಲ್ಲಿವರೆಗೆ ಬೆರಳು ಆಡಿಸಲೇ ಇಲ್ಲ. ನಾನು ಬಾಯಿಬಿಟ್ಟು ಹೇಳಬಹುದಿತ್ತು. ಬಾಯಲ್ಲಿ ಗುಂಡುಸೂಜಿ ಇತ್ತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾನೇನು ತಪ್ಪು ಮಾಡಿದೆ, ಏನು ಸರಿಮಾಡಬೇಕು, ಬರೆ.

ನಿನ್ನ ಅಕ್ಕ


ಜೂನ್ ೧೪

ಪ್ರೀತಿಯ ಅಕ್ಕ,

ನೀನು ತಪ್ಪು ಮಾಡಿಲ್ಲ. ಹುಡುಕಿಕೊಡುವ ಯಂತ್ರಕ್ಕೆ ಮುಖ ದಾಕ್ಷಿಣ್ಯವಿಲ್ಲ, ಅಷ್ಟೆ. ಒಂದು ವರ್ಷದಿಂದ ಏನೂ ಬದಲಾಗದ ಪುಟವನ್ನು ಅದು ಬಾಗಿಲು ಹಾಕಿದ ಅಂಗಡಿ ಎಂದುಕೊಳ್ಳುತ್ತದೆ. ಹೊಸದು ಬರುತ್ತಿದ್ದರೆ, ಬೇರೆಯವರು ತಮ್ಮ ಪುಟಗಳಲ್ಲಿ ನಿನ್ನದಕ್ಕೆ ಲಿಂಕ್ ಕೊಟ್ಟರೆ, ಬಂದವರು ನಿಂತು ಓದಿದರೆ, ಮೇಲಕ್ಕೆ ತರುತ್ತದೆ.

ಹಾಗಾಗಿ ವಾರಕ್ಕೊಮ್ಮೆ ಬರೆ. ಅವಳ ಬಗ್ಗೆಯೇ ಬರೆ. ಉದ್ದ ಬೇಡ, ಎರಡು ಪ್ಯಾರಾ ಸಾಕು. ತಾಯಂದಿರು ಹುಡುಕುವಾಗ ಯಾವ ಮಾತು ಬಳಸುತ್ತಾರೋ ಆ ಮಾತುಗಳು ಅದರಲ್ಲಿರಲಿ. ಒಂದು ಪುಟಕ್ಕೆ ಹತ್ತು ಫಲಿತಾಂಶ ಬರುತ್ತವೆ, ನೀನು ಆ ಹತ್ತರಲ್ಲಿ ಇರಬೇಕು. ಎರಡನೇ ಪುಟಕ್ಕೆ ಮಾತ್ರ ಜಾರಬಾರದು. ಅಲ್ಲಿಗೆ ಯಾರೂ ಹೋಗುವುದಿಲ್ಲ.

ಇಲ್ಲಿ ಕೆಲಸ ಜಾಸ್ತಿ. ನನ್ನನ್ನು ನಮ್ಮ ತಂಡದ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಭಾವನಿಗೆ ಹೇಳು.

ನಿನ್ನ ತಮ್ಮ


ಜುಲೈ ೨೦

ತಮ್ಮಾ,

ಮುಖ್ಯಸ್ಥರಿಗೆ ಅಕ್ಕನ ಅಭಿನಂದನೆ. ನಿನ್ನ ಭಾವನಿಗೆ ಹೇಳಿದೆ. "ಹಂಗಾದ್ರೆ ಇನ್ಮೇಲೆ ಅವನು ಮನೆಗೆ ಬರೋಕೂ ಯಾರಾದ್ರೂ ಹುಡುಕಿಕೊಡ್ಬೇಕು" ಅಂದರು. ಎರಡು ವರ್ಷದಲ್ಲಿ ಅವರು ಆಡಿದ ಮೊದಲ ತಮಾಷೆ. ನಕ್ಕುಬಿಟ್ಟೆ, ಆಮೇಲೆ ಇಬ್ಬರೂ ತಟ್ಟೆ ನೋಡಿಕೊಂಡು ಕೂತೆವು.

ನೀನು ಹೇಳಿದ ಹಾಗೆ ಬರೆಯುತ್ತಿದ್ದೇನೆ. ಮೊದಲ ವಾರ ಅವಳು ನನ್ನ ಟೇಪನ್ನು ಕೊರಳಿಗೆ ಹಾಕಿಕೊಂಡು ಡಾಕ್ಟರಾಗಿ ಗಿರಾಕಿಗಳ ಎದೆ ಪರೀಕ್ಷೆ ಮಾಡುತ್ತಿದ್ದುದು. ಎರಡನೇ ವಾರ, ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದವಳಿಗೆ ಗಿರಗಿಟ್ಲೆ ಅಂತ ಹೆಸರಿಟ್ಟವನು ನೀನು ಅನ್ನುವುದು. ಮೂರನೇ ವಾರ ಗುಂಡಿ ಡಬ್ಬಿ. ನೆನಪಿದೆಯಾ? ಗುಂಡಿಗಳನ್ನು ಬಣ್ಣ ನೋಡಿ ಜೋಡಿಸುತ್ತಿರಲಿಲ್ಲ. ಯಾವುದರ ಜೊತೆ ಯಾವುದಕ್ಕೆ ಜಗಳ, ಯಾವುದು ಯಾವುದರ ಜೊತೆ ಟೂ ಬಿಟ್ಟಿದೆ ಅಂತ ನೋಡಿ ಬೇರೆ ಬೇರೆ ಕೂರಿಸುತ್ತಿದ್ದಳು. ನಾನು ಕೋಟಿಗೆ ಗುಂಡಿ ಹಚ್ಚುವಾಗ "ಅಮ್ಮಾ, ಅವೆರಡೂ ಮಾತಾಡಲ್ಲ, ಪಕ್ಕಪಕ್ಕ ಹಾಕ್ಬೇಡ" ಅನ್ನುತ್ತಿದ್ದಳು. ನಾಲ್ಕನೇ ವಾರ, ಒಂದು ಕಾಲನ್ನು ಅಪ್ಪನ ಹೊಟ್ಟೆಯ ಮೇಲೆ ಹಾಕದಿದ್ದರೆ ನಿದ್ದೆ ಬಾರದಿದ್ದುದು.

ಪುಟ ಮೂರನೇ ಸ್ಥಾನಕ್ಕೆ ಬಂತು. ಯಾರೋ ಒಬ್ಬ ತಾಯಿ, ನನಗೆ ಪರಿಚಯವೇ ಇಲ್ಲ, ಕೆಳಗೆ ಬರೆದಿದ್ದಾರೆ: ಓದಿದೆ, ಹೋಗಿ ಎಣಿಸಿದೆ. ಅಷ್ಟೇ. ಅದನ್ನು ನಿನ್ನ ಭಾವನಿಗೆ ಮೂರು ಸಲ ಓದಿ ಹೇಳಿದೆ.

ಆ ಕೊಳದ ಹೊಸ ಸೈಟು ಯಾರು ಮಾಡಿದ್ದೋ? ಕೈ ಪಳಗಿದವರೇ ಇರಬೇಕು. ನಾನು ಒಂದು ಮೆಟ್ಟಿಲು ಹತ್ತಿದರೆ ಅವರು ಎರಡು ಹತ್ತುತ್ತಾರೆ. ನಿನ್ನ ಕಸುಬಿನವರು ಒಬ್ಬರಿಗೊಬ್ಬರು ಗೊತ್ತಿರುತ್ತೀರಲ್ಲ, ವಿಚಾರಿಸು.

ನಿನ್ನ ಅಕ್ಕ


ಸೆಪ್ಟೆಂಬರ್ ೯

ತಮ್ಮಾ,

ನಿನ್ನಿಂದ ಉತ್ತರವಿಲ್ಲ. ಸೈಟು ಯಾರು ಮಾಡಿದ್ದು ಅಂತ ಕೇಳಿದ್ದೆ, ಅದಕ್ಕೂ ಇಲ್ಲ. ಇರಲಿ, ಮುಖ್ಯಸ್ಥರಿಗೆ ಪುರುಸೊತ್ತಿರುವುದಿಲ್ಲ.

ಪುಟ ಒಂಬತ್ತನೇ ಸ್ಥಾನಕ್ಕೆ ಇಳಿದಿದೆ. ಇನ್ನೊಂದು ಜಾರಿದರೆ ಅಂಚು.

ನನಗೆ ಇನ್ನೊಂದು ಕಷ್ಟ ಶುರುವಾಗಿದೆ. ಮುಗಿಯುತ್ತಾ ಬಂದಿದ್ದಾಳೆ. ಹಲ್ಲು ಬಿದ್ದದ್ದು ಬರೆದೆ, ಜ್ವರ ಬಂದದ್ದು ಬರೆದೆ, ಸೀಮೆಸುಣ್ಣ ತಿಂದು ಸಿಕ್ಕಿಬಿದ್ದದ್ದು ಬರೆದೆ. ಶಾಲೆಯಲ್ಲಿ ಪಕ್ಕದವಳ ಲೆಕ್ಕ ತಾನು ಮಾಡಿಕೊಟ್ಟು ತನ್ನದನ್ನು ತಪ್ಪು ಮಾಡಿಕೊಂಡು ಬಂದದ್ದು ಬರೆದೆ. ಭಾನುವಾರ ಬಂತೆಂದರೆ ಮೆಷಿನ್ ಮುಂದೆ ಕೂತು ಇನ್ನೇನಿದೆ, ಇನ್ನೇನಿದೆ ಅಂತ ತಡಕಾಡುತ್ತೇನೆ. ಹೊಸದು ಬರೆ ಅಂದೆ ನೀನು. ಬದುಕಿರುವ ಮಕ್ಕಳ ತಾಯಂದಿರಿಗೆ ಬೇಡವೆಂದರೂ ದಿನಕ್ಕೊಂದು ಹೊಸದು ಸಿಗುತ್ತದೆ. ನನಗೆ ಸಿಕ್ಕಿದ್ದು ಒಂಬತ್ತು ವರ್ಷ ಎರಡು ತಿಂಗಳು, ಅದರಲ್ಲಿ ನಿದ್ದೆ ಮಾಡಿದ್ದೇ ಅರ್ಧ.

ಅವಳ ಬಗ್ಗೆ ಹೊಸದನ್ನು ಎಲ್ಲಿಂದ ತರಲಿ? ಹೇಳು.

ಅಕ್ಕ


ಸೆಪ್ಟೆಂಬರ್ ೨೨

ಅಕ್ಕಾ,

ಇಷ್ಟು ಮೈಮೇಲೆ ಹಾಕಿಕೊಳ್ಳಬೇಡ. ಬರೆದಿದ್ದು ಸಾಕು. ಕೆಲವು ವಾರ ಬಿಟ್ಟರೂ ಏನೂ ಆಗುವುದಿಲ್ಲ. ಆ ಕೊಳ ಮೊದಲಿನ ಹಾಗಿಲ್ಲವಂತೆ, ಮಾಲೀಕರೂ ಬದಲಾಗಿದ್ದಾರಂತೆ. ಎಲ್ಲೋ ಕೇಳಿದೆ.

ಊಟ ಸರಿಯಾಗಿ ಮಾಡು. ಭಾವನ ಬೆನ್ನು ನೋವು ಹೇಗಿದೆ?

ತಮ್ಮ


ನವೆಂಬರ್ ೨

ತಮ್ಮಾ,

ಈ ಕಾಗದ ಓದಿ ನನ್ನನ್ನು ಬೈಯಬೇಕು ಅನಿಸಿದರೆ ಬೈ. ಬೈಯುವವರು ಬೈಯುತ್ತಿಲ್ಲ, ಅದೇ ಕಷ್ಟ.

ಬರೆಯಲು ಇಲ್ಲದಾಗ ನಾನು ಕಟ್ಟತೊಡಗಿದೆ. ಮೊದಲು ಸಣ್ಣದು. ಒಂದು ಭಾನುವಾರ ಅಪ್ಪ ಮಗಳು ಸೇರಿ ಹಳೇ ಸೈಕಲ್ ಬಿಚ್ಚಿ, ಬೇರಿಂಗ್ ಗುಂಡುಗಳನ್ನು ಬಟ್ಟಲಲ್ಲಿ ಹಾಕಿ ತೊಳೆದರು, ಅವಳ ಮೂಗಿನ ಮೇಲೆ ಗ್ರೀಸು ಮೆತ್ತಿಕೊಂಡಿತ್ತು ಅಂತ. ಹಾಗೇನೂ ನಡೆದಿರಲಿಲ್ಲ. ಆದರೆ ನಡೆಯಬಹುದಿತ್ತಲ್ಲ? ನಮ್ಮ ಮನೆಯಲ್ಲಿ ಸೈಕಲ್ ಇತ್ತು, ಗ್ರೀಸಿತ್ತು, ಮೂಗಿತ್ತು. ಜನ ಓದಿದರು. ಮುಂದಿನ ವಾರ ಇನ್ನೊಂದು. ಕೊನೆಗೆ ಅವಳಿಗೆ ಶೂ ಚಿಕ್ಕದಾಯಿತು, ಒಂದು ಅಳತೆ ದೊಡ್ಡದು ತಂದೆವು ಅಂತಲೂ ಬರೆದೆ. ಬರೆಯುವಾಗ ಎಷ್ಟು ಸುಖವಾಗಿತ್ತು ಗೊತ್ತಾ? ಎರಡು ವರ್ಷದಲ್ಲಿ ಅಷ್ಟು ಸುಖವಾಗಿ ನಾನು ಕೂತಿರಲಿಲ್ಲ.

ನಿನ್ನ ಭಾವ ವರ್ಕ್‌ಶಾಪಿನಲ್ಲಿ ಊಟದ ಹೊತ್ತಿಗೆ ಪ್ರತಿ ವಾರ ಅದನ್ನು ಓದುತ್ತಾರೆ. ಸೈಕಲ್ಲಿನದನ್ನು ಓದಿದಾಗಿನಿಂದ ಹಳೇ ಕ್ಯಾಲೆಂಡರ್ ತಿರುವುತ್ತಿದ್ದರು. ಹೋದ ವಾರ ಕೇಳಿದರು: "ಅದು ಯಾವತ್ತು ಕಣೇ? ಎಷ್ಟು ಯೋಚ್ನೆ ಮಾಡಿದ್ರೂ ನಂಗೆ ನೆನಪಿಗೆ ಬರ್ತಿಲ್ಲ. ಅವಳ ಜೊತೆ ಇದ್ದ ಒಂದು ಇಡೀ ದಿನಾನೇ ಮರ್ತುಬಿಟ್ನಾ ನಾನು?"

ಹಾಗೇನೂ ನಡೆದಿಲ್ಲ, ನಾನು ಕಟ್ಟಿದ್ದು ಅಂತ ಹೇಳಿದೆ.

ಅವರು ಕೈ ಒರೆಸಿಕೊಂಡರು. ಆಮೇಲೆ, "ನನ್ನ ಹತ್ರ ಇರೋದು ಒಂಬತ್ತೇ ವರ್ಷ. ಅದರಲ್ಲಿ ಕಲಬೆರಕೆ ಮಾಡ್ಬೇಡ" ಅಂದರು. ಗಟ್ಟಿಯಾಗಿಯೂ ಹೇಳಲಿಲ್ಲ. ಈಗ ಗುಂಡಿ ಡಬ್ಬಿಯದನ್ನೂ ಅವರು ನಂಬುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಮಾಡಿಯೂ ನಮ್ಮದು ಹುಡುಕಾಟದ ಎರಡನೇ ಪುಟಕ್ಕೆ ಹೋಯಿತು.

ಅಕ್ಕ


ನವೆಂಬರ್ ೧೧

ಅಕ್ಕಾ,

ಇದನ್ನು ಜೂನ್‌ನಲ್ಲೇ ಬರೆಯಬೇಕಿತ್ತು. ಮೂರು ಸಲ ಫೋನ್ ಮಾಡು ಅಂದದ್ದು ಇದನ್ನು ಹೇಳುವುದಕ್ಕೇ. ನೀನು ಮಾಡಲಿಲ್ಲ, ನನಗೆ ಅದು ಅನುಕೂಲವೇ ಆಯಿತು.

ಆ ಕೊಳದ ಸೈಟು ಮಾಡಿದ್ದು ನಾನು.

ಮಾರ್ಚ್‌ನಲ್ಲಿ ಆ ಕೆಲಸ ನಮ್ಮ ಕಚೇರಿಗೆ ಬಂತು, ನನ್ನ ಮೇಜಿಗೆ ಬಂತು. ಹಳೆಯ ಮಾಲೀಕ ಮಾರಿಕೊಂಡು ಹೋಗಿದ್ದಾನೆ. ಕೊಂಡವರು ಒಬ್ಬ ಈಜು ಕಲಿಸುವ ಮೇಡಂ. ಒಳ್ಳೆಯವರು. ಜಾಲರಿ, ಪಂಪು ಎಲ್ಲ ಬದಲಿಸಿದ್ದಾರೆ. ಆದರೆ ಹೆಸರು ಹುಡುಕಿದವರಿಗೆಲ್ಲ ಮೊದಲು ಕಾಣುವುದು ಸತ್ತುಹೋದ ಮಗುವಿನ ಫೋಟೋ, ತಾಯಂದಿರು ಗೇಟಿನವರೆಗೆ ಬಂದು ಹಿಂದಕ್ಕೆ ಹೋಗುತ್ತಾರೆ ಎಂದು ಅತ್ತುಕೊಂಡರು. ಆ ಫೋಟೋ ತೆಗೆದವನು ನಾನು ಎಂದು ನಾನು ಹೇಳಲಿಲ್ಲ. ಈ ಕೆಲಸ ಬೇಡ ಎನ್ನುವ ಮಾತು ಬಾಯಿವರೆಗೆ ಬಂತು, ಹೊರಗೆ ಬರಲಿಲ್ಲ. ಬೇರೆಯವರು ಮಾಡುವುದಕ್ಕಿಂತ ನಾನೇ ಮಾಡಿದರೆ ಮೆತ್ತಗೆ ಮಾಡಿಯೇನು ಎಂದುಕೊಂಡೆ. ಅದು ನೆಪ. ಮುಖ್ಯಸ್ಥನನ್ನಾಗಿ ಮಾಡುವ ಮಾತು ಆಗ ನಡೆಯುತ್ತಿತ್ತು, ನಿಜವಾದ ಕಾರಣ ಅದು.

ಅದು ನನಗೆ ಸುಲಭದ ಕೆಲಸವಾಗಿತ್ತು. ನಿನ್ನ ಪುಟವನ್ನು ಕಟ್ಟಿದವನೇ ನಾನು, ಅದರ ಬಲ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ತಾಯಂದಿರು ಯಾವ ಮಾತಿನಿಂದ ಹುಡುಕಿ ನಿನ್ನ ಹತ್ತಿರ ಬರುತ್ತಿದ್ದರೋ ಆ ಮಾತುಗಳನ್ನೇ ಅವರ ಸೈಟಿನಲ್ಲಿ ಇಟ್ಟೆ. ವಾರಕ್ಕೊಂದು ಬರೆ ಎಂದು ನಿನಗೆ ಹೇಳಿದ್ದು ಸುಳ್ಳು ಸಲಹೆಯಲ್ಲ. ಆದರೆ ನೀನು ಒಂದು ಬರೆದರೆ ನಾನು ಅವರಿಗೆ ಮೂರು ಬರೆಯುತ್ತಿದ್ದೆ. ಗುಂಡಿ ಡಬ್ಬಿಯದನ್ನು ಓದಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಮುಖ ತೊಳೆದು ಬಂದು ಅದನ್ನು ಕೆಳಗಿಳಿಸುವ ಕೆಲಸ ಮಾಡಿದೆ.

ಒಂದು ವಿಷಯ ಹೇಳಬೇಕು. ಇದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಅವರ ಸೈಟಿನಲ್ಲಿ ಮಕ್ಕಳ ಸುರಕ್ಷತೆಯ ಪುಟದ ಮೊದಲ ಸಾಲು ಭಾವನದ್ದು: ಮಗುವನ್ನು ಇಳಿಸುವ ಮುಂಚೆ ನೀವೇ ಬಂದು ನಾಲ್ಕು ಸ್ಕ್ರೂ ಎಣಿಸಿ. ಮೇಡಂ ಓದಿ ಮೆಚ್ಚಿಕೊಂಡು ಅದನ್ನು ನಿಯಮವನ್ನಾಗಿಯೇ ಮಾಡಿದ್ದಾರೆ. ಎಣಿಸದೆ ಯಾವ ಮಗುವನ್ನೂ ನೀರಿಗೆ ಬಿಡುವುದಿಲ್ಲ.

ನೀನು ಕಟ್ಟುಕಥೆ ಬರೆಯುವ ಹಾಗೆ ಮಾಡಿದವನು ನಾನು. ಭಾವನಿಗೆ ಮುಖ ತೋರಿಸುವುದು ಹೇಗೆ ಎಂದು ತಿಳಿಯುತ್ತಿಲ್ಲ.

ನಿನ್ನ ತಮ್ಮ


ಡಿಸೆಂಬರ್ ೨೮

ಅಕ್ಕಾ,

ಏಳು ವಾರ ಆಯಿತು. ಬೈದಾದರೂ ಬರೆ.

ಆ ಕೊಳದ ಕೆಲಸದಿಂದ ನನ್ನನ್ನು ಬಿಡಿಸಿ ಎಂದು ಕಚೇರಿಯಲ್ಲಿ ಕೇಳಿದ್ದೇನೆ, ಕಾರಣವನ್ನೂ ಹೇಳಿದ್ದೇನೆ. ಫೆಬ್ರುವರಿ ಮಧ್ಯಕ್ಕೆ ಬೇರೆಯವರ ಕೈಗೆ ಹೋಗುತ್ತದೆ. ಮುಖ್ಯಸ್ಥನ ಕುರ್ಚಿಯೂ ಹೋಗಬಹುದು, ಹೋಗಲಿ.

ನಿನ್ನ ತಮ್ಮ


ಫೆಬ್ರುವರಿ ೪

ತಮ್ಮಾ,

ನಿನ್ನ ನವೆಂಬರಿನ ಕಾಗದ ಓದಿದ ದಿನ ಕತ್ತರಿ ತೆಗೆದುಕೊಂಡು ಅದನ್ನು ನಾಲ್ಕು ತುಂಡು ಮಾಡಿದೆ. ಸಂಜೆ ನಿನ್ನ ಭಾವ ಬಂದು, ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿಕೊಂಡು ಓದಿದರು. ಸ್ಕ್ರೂವಿನ ಪ್ಯಾರಾ ಬಂದಾಗ, "ಎಣಿಸ್ತಾರಂತಾ?" ಅಂದರು.

ಅದನ್ನು ನೋಡಲೆಂದೇ ಹೋದ ವಾರ ಹೋಗಿದ್ದೆ. ಎರಡೂವರೆ ವರ್ಷದಲ್ಲಿ ಆ ರಸ್ತೆಗೇ ಕಾಲಿಟ್ಟಿರಲಿಲ್ಲ. ಗೇಟಿಗೆ ಹೊಸ ಬಣ್ಣ ಬಳಿದಿದ್ದಾರೆ. ಒಳಗೆ ಅದೇ ವಾಸನೆ. ನೀನು ಹೇಳಿದ ಮೇಡಂ ಇವರೇ ಇರಬೇಕು, ಕೊರಳಲ್ಲಿ ಸೀಟಿ ಹಾಕಿಕೊಂಡಿದ್ದರು, ನನ್ನನ್ನೂ ಯಾವುದೋ ಮಗುವಿನ ತಾಯಿ ಅಂದುಕೊಂಡು ಒಳಗೆ ಬಿಟ್ಟರು. ಮಕ್ಕಳ ಕೊಳದ ಪಕ್ಕ ತಾಯಂದಿರು ಒಬ್ಬರ ಹಿಂದೆ ಒಬ್ಬರು ಮಂಡಿಯೂರಿ, ಬಗ್ಗಿ, ನೀರೊಳಗೆ ಬೆರಳು ತೋರಿಸಿ ಒಂದು, ಎರಡು, ಮೂರು, ನಾಲ್ಕು ಅನ್ನುತ್ತಿದ್ದರು. ಕೆಲವರಿಗೆ ಅದು ಆಟವಾಗಿಬಿಟ್ಟಿದೆ, ಮಕ್ಕಳೂ ಜೊತೆಗೆ ಕೂಗುತ್ತಾರೆ. ಯಾಕೆ ಎಣಿಸುತ್ತಿದ್ದೇವೆ ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ! ನಾನೂ ಬಗ್ಗಿ ಎಣಿಸಿದೆ. ನಾಲ್ಕಿವೆ.

ನನ್ನ ಪಕ್ಕದಲ್ಲಿ ಒಬ್ಬಳು ಪುಟ್ಟ ಹುಡುಗಿ, ಉದ್ದ ಕೂದಲು, ತಲೆಗೆ ಟೋಪಿ ಹಾಕಿಸಿಕೊಳ್ಳುತ್ತಿದ್ದಳು. ಟೋಪಿ ಹಿಂದಕ್ಕೆ ಜಾರುತ್ತಿತ್ತು. ತಾಯಿ ಮತ್ತೆ ಎಳೆಯುತ್ತಿದ್ದಳು, ಮತ್ತೆ ಜಾರುತ್ತಿತ್ತು. ನೋಡಲಾಗಲಿಲ್ಲ. "ಎಲಾಸ್ಟಿಕ್ ಸತ್ತಿದೆ ಕಣಮ್ಮ, ಕೊಡಿ ಇಲ್ಲಿ" ಅಂತ ಕಿತ್ತುಕೊಂಡೆ. ನನ್ನ ಚೀಲದಲ್ಲಿ ಸೂಜಿ ದಾರ, ಎಲಾಸ್ಟಿಕ್ ಯಾವಾಗಲೂ ಇರುತ್ತದಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಹೊಸದು ಹಾಕಿಕೊಟ್ಟೆ. ಆ ತಾಯಿ ನಗುತ್ತಾ ಕೇಳಿದಳು: "ನಿಮ್ಗೆ ಎಷ್ಟು ಜನ ಮಕ್ಕಳು?" ಒಬ್ಬಳು, ಒಂಬತ್ತು ವರ್ಷ, ಅಂದೆ.

ತಮ್ಮಾ, ಅವಳ ಬಗ್ಗೆ ನಿಜವಾದದ್ದು ಒಂದು ಬರೆಯದೆ ಉಳಿದಿತ್ತು. ಕಟ್ಟುಕಥೆ ಬರೆದೆನೇ ಹೊರತು ಅದನ್ನು ಬರೆಯಲಿಲ್ಲ. ಆ ದಿನ ಅವಳು ಹಾಕಿಕೊಂಡಿದ್ದ ಟೋಪಿ ಅಂಗಡಿಯದಲ್ಲ. ನಾನು ಹೊಲಿದದ್ದು. ಉಳಿದ ನೀಲಿ ಲೈನಿಂಗ್ ಬಟ್ಟೆಯಲ್ಲಿ ಹೊಲಿದೆ, ಡ್ರಾಯರಿನಲ್ಲಿದ್ದ ಹಳೇ ಎಲಾಸ್ಟಿಕ್ ಹಾಕಿದೆ. ಎಳೆದು ನೋಡಿದಾಗಲೇ ಸಡಿಲ ಅನಿಸಿತ್ತು. ನಾಳೆ ಬದಲಿಸಿದರಾಯಿತು ಅಂದುಕೊಂಡೆ, ಪರದೆಗಳ ಆರ್ಡರ್ ಅವತ್ತೇ ಮುಗಿಸಬೇಕಿತ್ತು. ಹಳೇ ಎಲಾಸ್ಟಿಕ್ ತಂದ ಗಿರಾಕಿಗಳಿಗೆ ದಿನಾ ಬೈಯುವವಳು ನಾನು. ಆಸ್ಪತ್ರೆಯವರು ಅವಳ ಬಟ್ಟೆಯ ಜೊತೆ ಆ ಟೋಪಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಮೆಷಿನ್ನಿನ ಡ್ರಾಯರಿನಲ್ಲಿ ಗುಂಡಿ ಡಬ್ಬಿಯ ಹಿಂದೆ ಇಟ್ಟಿದ್ದೆ. ಟೋಪಿ ಜಾರದಿದ್ದರೆ ಕೂದಲು ಹೊರಗೆ ಬರುತ್ತಿರಲಿಲ್ಲ.

ಕೊಳದಿಂದ ಬಂದ ದಿನ ಅದನ್ನು ನಿನ್ನ ಭಾವನ ಮುಂದೆ ಇಟ್ಟು ಎಲ್ಲ ಹೇಳಿದೆ. ಅವರು ಅದನ್ನು ಮುಟ್ಟಲಿಲ್ಲ.

"ಗೊತ್ತಿತ್ತು" ಅಂದರು. "ಆಸ್ಪತ್ರೆಲೇ ಎಳೆದು ನೋಡಿದ್ದೆ."

"ಮತ್ತೆ ಸ್ಕ್ರೂ ಸ್ಕ್ರೂ ಅಂತ ಯಾಕೆ..."

"ಸ್ಕ್ರೂನೂ ನಿಜ ಕಣೇ. ಎರಡೇ ಇತ್ತು. ಅದನ್ನ ಹೇಳ್ತಾ ಇದ್ರೆ ಇನ್ನೊಂದನ್ನ ನೀನು ಹೇಳ್ಬೇಕಾಗಲ್ಲ ಅಂದ್ಕೊಂಡೆ."

ಎರಡೂವರೆ ವರ್ಷ, ತಮ್ಮಾ. ಒಂದೇ ಮನೆಯಲ್ಲಿ. ನಾನು ಅವರಿಂದ ಮುಚ್ಚಿಟ್ಟೆ ಅಂದುಕೊಂಡಿದ್ದೆ, ಅವರು ಗೊತ್ತಿದ್ದೂ ಅದನ್ನು ನನ್ನಿಂದಲೇ ಮುಚ್ಚಿಟ್ಟುಕೊಂಡು ಕೂತಿದ್ದರು. ಆ ಸಂಜೆ ಇಬ್ಬರೂ ಅಳುವಷ್ಟು ಅತ್ತೆವು. ಅವಳು ಹೋದ ಮೇಲೆ ಜೊತೆಯಲ್ಲಿ ಅತ್ತದ್ದು ಅದೇ ಮೊದಲು.

ಈಗ ನಿನಗೆ ಮೂರು ಕೆಲಸ. ನಾನು ಕಟ್ಟಿದ ಏಳು ಬರಹಗಳನ್ನು ಪುಟದಿಂದ ತೆಗೆದುಹಾಕು. ಪಟ್ಟಿ ಜೊತೆಗಿದೆ, ನಿನ್ನ ಭಾವನೇ ಗುರುತು ಹಾಕಿದ್ದಾರೆ. ಗುಂಡಿ ಡಬ್ಬಿಯದಕ್ಕೆ ಸರಿ ಅಂತ ಗುರುತು ಹಾಕಿದ್ದಾರೆ ನೋಡು. ಎರಡನೆಯದು, ಇನ್ನು ಮೇಲೆ ನಾನು ಹೊಸದು ಬರೆಯುವುದಿಲ್ಲ. ಪುಟ ಎಲ್ಲಿದೆಯೋ ಅಲ್ಲಿರಲಿ. ನಮಗಿಬ್ಬರಿಗೆ ದಾರಿ ಗೊತ್ತಿದೆ, ಹೋಗಿ ಓದುತ್ತೇವೆ.

ಮೂರನೆಯದು. ಆ ಕೆಲಸ ನಿನ್ನ ಕೈಬಿಡುವ ಮುಂಚೆ, ಅವರ ಸೈಟಿನಲ್ಲಿ ನಿನ್ನ ಭಾವನ ಸಾಲಿನ ಕೆಳಗೆ ಇನ್ನೊಂದು ಸಾಲು ಹಾಕು. ಟೋಪಿಯ ಎಲಾಸ್ಟಿಕ್ ಎಳೆದು ನೋಡಿ, ಸಡಿಲವಿದ್ದರೆ ಅಂದೇ ಬದಲಿಸಿ, ನಾಳೆ ಅನ್ನಬೇಡಿ. ಅವಳ ಹೆಸರು ಬೇಡ. ನನ್ನದೂ ಬೇಡ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹೋದಾಗ ತಿಳಿಸುತ್ತೇನೆ. ಅಲ್ಲಿಯವರೆಗೆ ಕಾಗದ ಬರೆಯುವುದನ್ನು ಬಿಡಬೇಡ.

ನಿನ್ನ ಅಕ್ಕ


ಫೆಬ್ರುವರಿ ೧೩

ಅಕ್ಕಾ,

ಇಂದು ಆ ಕೆಲಸದಲ್ಲಿ ನನ್ನ ಕೊನೆಯ ದಿನ. ಏಳನ್ನೂ ತೆಗೆದಿದ್ದೇನೆ. ಶೂ ಚಿಕ್ಕದಾದದ್ದನ್ನು ತೆಗೆಯುವ ಮುಂಚೆ ಇನ್ನೊಂದು ಸಲ ಓದಿದೆ.

ಸಾಲು ಹಾಕಿದ್ದೇನೆ, ಒಂದಕ್ಷರವನ್ನೂ ಬದಲಿಸಿಲ್ಲ. ಮೇಡಂ ಓದಿ, "ನಾಳೆ ಅನ್ನಬೇಡಿ ಅಂತ ಯಾಕೆ, ಅದನ್ನ ತೆಗೀಬಹುದಲ್ವಾ?" ಎಂದು ಕೇಳಿದರು. ಹೊಲಿಗೆ ಬಲ್ಲವರೊಬ್ಬರು ಹೇಳಿದ್ದು, ಇರಲಿ ಅಂದೆ. ಇರಿಸಿಕೊಂಡರು.

ಈಗ ತಾನೇ ಹುಡುಕಿ ನೋಡಿದೆ. ಎಲ್ಲಕ್ಕಿಂತ ಮೇಲೆ ಆ ಸಾಲಿರುವ ಪುಟವೇ ಬರುತ್ತಿದೆ. ಆಮೇಲೆ ಎರಡನೇ ಪುಟಕ್ಕೆ ಹೋಗಿ ಅವಳನ್ನು ನೋಡಿಕೊಂಡು ಬಂದೆ.

ನಿನ್ನ ತಮ್ಮ